ಗಾಳಿ ಪೈಪು ಎಳೆದವರು ಯಾರು?

ಸತ್ತವರು ಬಂದು ಕರೆದರು, ಬಾಗಿಲಲ್ಲಿ ನಿಂತಿದ್ದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಕೆಲಸ ಸ್ಯಾಂಡ್ ಬ್ಲಾಸ್ಟಿಂಗ್. ಗಾಳಿಯ ರಭಸದಲ್ಲಿ ಮರಳು ಹೊಡೆದು ಕಬ್ಬಿಣದ ತುಕ್ಕು ತೆಗೆಯುವುದು, ಬಣ್ಣ ಹಿಡಿಯುವಂತೆ ಅದರ ಮೈಯನ್ನು ಒರಟು ಮಾಡುವುದು. ತಲೆ ಮುಚ್ಚುವ ಹುಡ್ ಹಾಕಿಕೊಂಡರೆ ಆ ಅಬ್ಬರದಲ್ಲಿ ಪಕ್ಕದವರು ಕೂಗಿದರೂ ಕೇಳದು. ಅದಕ್ಕೇ, ಉಸಿರಾಟದ ಗಾಳಿಗೆಂದು ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಪೈಪನ್ನು ಹಿಂದಿನಿಂದ ಎಳೆದು ಕರೆಯುವುದು ನಮ್ಮಲ್ಲಿ ರೂಢಿ. ಬೇರೆಯವರು ಎತ್ತನ್ನು ಜಗ್ಗಿದಂತೆ ಜಗ್ಗುತ್ತಾರೆ. ಮಧ್ಯಾಹ್ನ ಬುತ್ತಿ ತರುತ್ತಿದ್ದ ನನ್ನ ಹೆಂಡತಿ ಮಾದಮ್ಮ ಮಾತ್ರ ಮೆಲ್ಲಗೆ ಒಮ್ಮೆ ಎಳೆದು, ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದಳು. ನಾನು ಹುಡ್ ತೆಗೆದರೆ, "ಮೂತಿ ನೋಡು, ಬೂದಿ ಬಳ್ಕಂಡಂಗೈತೆ. ಮುದ್ದೆ ಆರೋಯ್ತೈತೆ, ಬಾ" ಎನ್ನುತ್ತಿದ್ದಳು.

ಅವಳು ಜ್ವರದಲ್ಲಿ ತೀರಿಹೋದಳು. ಈ ತಮಿಳು ಸೀಮೆಯಲ್ಲೇ ಬೆಳೆದ ಮಗಳಿಗೆ ತಮಿಳೇ ಸಲೀಸು; ಮನೆಯಲ್ಲಿ ನನ್ನನ್ನು ಕನ್ನಡದಲ್ಲಿ ಬಯ್ಯುವವರು ಯಾರೂ ಉಳಿಯಲಿಲ್ಲ. ಊಟದ ಹೊತ್ತಾದರೆ ಸಾಕು, ಆ ಎಳೆತಕ್ಕಾಗಿ ಜೀವ ಹಂಬಲಿಸುತ್ತಿತ್ತು.

ಮರುವರ್ಷ ಕಾರಿಮಂಗಲಂ ಹತ್ತಿರದ ಶೆಡ್ಡಿನಲ್ಲಿ, ಕಾಲೇಜೊಂದರ ಮುಂದೆ ನಿಲ್ಲಿಸಲು ಮಾಡಿದ ಸ್ಟೀಲಿನ ರಾಗಿ ತೆನೆಗೆ ಮರಳು ಹೊಡೆಯುತ್ತಿದ್ದೆ. ಎರಡಾಳೆತ್ತರದ ಶಿಲ್ಪ. ಮಟಮಟ ಮಧ್ಯಾಹ್ನ. ಬೆರಳಿನಂತೆ ಮಡಚಿದ ಒಂದು ಎಸಳಿನ ಒಳಮೂಲೆ ಮಾತ್ರ ಬಾಕಿಯಿತ್ತು. ಸೊಂಟದ ಬಳಿ ಮೆಲ್ಲಗೆ ಒಂದು ಎಳೆತ. ಪೈಪು ಹಾಗೇ ಬಿಗಿಯಾಗಿ ನಿಂತಿತು.

"ಬಂದೆ ಇರಮ್ಮಿ, ಇದೊಂದ್ ಮೂಲೆ ಮುಗಿಸ್ಬುಡ್ತೀನಿ" ಎಂದೆ. ಅವಳಿಲ್ಲ ಎಂಬುದು ಹೊಳೆಯಲೇ ಇಲ್ಲ. ತುಕ್ಕು ಹೋಗಿ ಮೂಲೆ ಬೆಳ್ಳಗಾಯಿತು. ಪೈಪು ಸಡಿಲವಾಯಿತು. ಆಗ ನೆನಪಾಯಿತು.

ಹುಡ್ ಕಿತ್ತೆಸೆದು ಹೊರಗೆ ಓಡಿದೆ. ಕಂಪ್ರೆಸರ್ ನೋಡಿಕೊಳ್ಳುವ ಮುರುಗೇಶ ಬಾಗಿಲಲ್ಲೇ ಕೂತಿದ್ದ.

"ಸತ್ಯಮಾ ಯಾರೂ ಬರ್ಲಿಲ್ಲಣ್ಣ, ನಾ ಇಲ್ಲೇ ಕುಂತಿವ್ನಿ" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಆಣೆಯಿಟ್ಟ. ಪೈಪು ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ, ಬರಿ ನೆಲದ ಮೇಲೆ ಬಿದ್ದಿತ್ತು.

ಸುಸ್ತಿಗೆ ಹಾಗನ್ನಿಸಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ಬಂದವಳು ಅವಳು ಹೌದೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳೇ ಆಗಿದ್ದರೆ, ಅಷ್ಟು ದೂರದಿಂದ ಬಂದವಳನ್ನು ಅಂಗೈಯಗಲದ ತುಕ್ಕಿಗಾಗಿ ಕಾಯಿಸಿಬಿಟ್ಟೆ.