ಹುಳ ಒಪ್ಪಿದ ಕ್ರೀಮು

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ಮುಖಕ್ಕೆ ಪೌಡರ್ ಹಾಕದೆ ಹೆಣ್ಣುಮಕ್ಕಳು ಹೊಸ್ತಿಲು ದಾಟಬಾರದು ಎಂಬುದು ನಮ್ಮಜ್ಜಿಯ ನಂಬಿಕೆ. ರೇಷನ್ ತರಲು ಹೊರಟರೂ ಕರೆದು ನಿಲ್ಲಿಸುತ್ತಿದ್ದಳು. "ಹಂಗ ಹೋಗಬ್ಯಾಡವ್ವ, ಮೈಯಾಗ ಹುಷಾರಿಲ್ಲೇನಂತ ಮಂದಿ ಕೇಳ್ತಾರ" ಎಂದು ಡಬ್ಬಿಯನ್ನು ಅಂಗೈಗೆ ಕೊಡವಿ, ಎರಡೂ ಕೆನ್ನೆಗೆ ಬಡಿದು ಕಳಿಸುತ್ತಿದ್ದಳು. ನಾನು ಮಾತು ಕಲಿತದ್ದೂ ಅವಳಿಂದಲೇ, ಪೌಡರ್ ಕಲಿತದ್ದೂ ಅವಳಿಂದಲೇ.

ಮದುವೆಯಾಗಿ ರೊಳ್ಳದ ಹತ್ತಿರದ ಹಳ್ಳಿಗೆ ಬಂದೆ. ಮರುದಿನ ಬೆಳಿಗ್ಗೆ ಅದೇ ಅಭ್ಯಾಸದಲ್ಲಿ ಸ್ನಾನ ಮಾಡಿ, ಪೌಡರ್ ಹಾಕಿಕೊಂಡು ನಡುಮನೆಗೆ ಬಂದರೆ, ನಮ್ಮತ್ತೆ ನನ್ನ ಮುಖವನ್ನು ನೋಡಲಿಲ್ಲ, ಮೂಸಿದರು. ಆಮೇಲೆ ಬಚ್ಚಲಿನ ಕಡೆ ಕೈ ತೋರಿಸಿದರು.

"ಮನೇಲಿ ಹುಳ ಐತೆ ಕಣವ್ವ."

ಹುಳ ಎಂದರೆ ರೇಷ್ಮೆ ಹುಳ. ನಮ್ಮ ನಡುಮನೆಗೂ ಹುಳದ ಮನೆಗೂ ಒಂದೇ ಗೋಡೆ, ನಡುವೆ ಒಂದೇ ಬಾಗಿಲು. ಹುಳಕ್ಕೆ ವಾಸನೆ ಆಗದು. ಬೀಡಿ, ಊದುಬತ್ತಿ, ಸೊಳ್ಳೆಬತ್ತಿ, ಮಲ್ಲಿಗೆ, ಘಮಘಮಿಸುವ ತಲೆಯೆಣ್ಣೆ ಯಾವುದೂ ಆಗದು. ವಾಸನೆ ಬಡಿದರೆ ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿ ನಿಲ್ಲುತ್ತದೆ. ಅತಿಯಾದರೆ ಹಸಿರು ನೀರು ಕಕ್ಕಿ ಸಾಯುತ್ತದೆ. ಹಾಗಾಗಿ ನಮ್ಮ ಮನೆಯ ಹೆಂಗಸರು ಪೌಡರ್ ಹಾಕುವುದು ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳದ ಮನೆ ತೊಳೆಯುವ ದಿನಗಳಲ್ಲಿ ಮಾತ್ರ. ಆಗ ಮನೆಯೆಲ್ಲ ಬ್ಲೀಚಿಂಗ್ ಪೌಡರ್ ವಾಸನೆ ಇರುವುದರಿಂದ ನಾವು ಹಾಕಿದ ಪೌಡರ್ ಯಾರ ಮೂಗಿಗೂ ತಲುಪುತ್ತಿರಲಿಲ್ಲ. ವರ್ಷ ಕಳೆದಂತೆ ನನಗೂ ಅದು ರೂಢಿಯಾಯಿತು.

ನನ್ನ ನಾದಿನಿಗೆ, ಅಂದರೆ ನನ್ನ ಗಂಡನ ತಂಗಿಗೆ, ಸಂಬಂಧ ಕುದುರಿಸಿದವಳು ನಾನೇ. ಹುಡುಗ ಗುಮ್ಮಘಟ್ಟದ ಕಡೆಯವನು, ಕುರಿ ಸಾಕುವ ಮನೆತನ. ಅವನ ತಾಯಿ ನನಗೆ ವರಸೆಯಲ್ಲಿ ದೊಡ್ಡವ್ವ ಆಗಬೇಕು. ಅವರು ಕುರಿ ಬಿಟ್ಟು ಬರುವಂತಿಲ್ಲ, ನಾವು ಹುಳ ಬಿಟ್ಟು ಹೋಗುವಂತಿಲ್ಲ. ಹೀಗಾಗಿ ಹೆಣ್ಣು ನೋಡುವ ಶಾಸ್ತ್ರ ಫೋನಿನ ವಿಡಿಯೋದಲ್ಲೇ ಆಯಿತು. ಅವರು ಹುಡುಗಿಯನ್ನು ಒಪ್ಪಿದರು, ಇವಳು ಹುಡುಗನನ್ನು ಒಪ್ಪಿದಳು, ನಾನು ಎರಡೂ ಕಡೆಯ ಫೋನು ಹಿಡಿದವರಿಗೆ ಕ್ಯಾಮೆರಾ ಸ್ವಲ್ಪ ಮೇಲೆ ಹಿಡಿಯಿರಿ ಎಂದು ಹೇಳಿದೆ. ನನ್ನ ಪಾತ್ರ ಅಷ್ಟೇ.

ಫೋನ್ ಇಟ್ಟ ಮೇಲೆ ನಾದಿನಿ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು.

"ಅತ್ತಿಗೆ, ಫೋನಲ್ಲಿ ನನ್ನ ಕೆನ್ನೆ ನೋಡಿದ್ರಾ?"

"ನೋಡಿದೆ. ಚೆಂದ ಐತಿ."

"ಅದೇ ಕಣತ್ತಿಗೆ. ನನ್ನ ಕೆನ್ನೆ ಹಂಗಿಲ್ಲ."

ನಾನು ಅವಳ ಮುಖ ನೋಡಿದೆ. ಚಿಕ್ಕವಳಿದ್ದಾಗ ಮೈಮೇಲೆ ಅಮ್ಮ ಎದ್ದು, ಅಂದರೆ ಸಿಡುಬು ಬಂದು, ಎಡಗೆನ್ನೆಯ ಮೇಲೆ ಬಿಟ್ಟುಹೋದ ಗುಳಿಗಳು ಅವಳಿಗಿದ್ದವು. ದಿನವೂ ನೋಡುವ ನಮಗೆ ಅವು ಕಾಣುವುದೇ ನಿಂತುಹೋಗಿತ್ತು. ಫೋನಿಗೂ ಕಂಡಿರಲಿಲ್ಲ. ಆ ಫೋನು ಅಂಗಡಿಯಿಂದ ಬರುವಾಗಲೇ ಎಲ್ಲರ ಮುಖವನ್ನೂ ನುಣುಪು ಮಾಡುವ ಗುಣ ಇಟ್ಟುಕೊಂಡು ಬಂದಿತ್ತು. ನಮ್ಮ ಮಾವನವರೂ ಅದರಲ್ಲಿ ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿದ್ದರು.

"ಎಂಗೇಜ್‌ಮೆಂಟಿಗೆ ಬಂದು ಎಲ್ಲರ ಎದುರಿಗೆ ನೋಡಿ, ಫೋನಲ್ಲಿ ಒಂದು ತೋರ್ಸಿ ಇಲ್ಲೊಂದು ಕೂರ್ಸವ್ರೆ ಅಂದ್ರೆ?" ಎಂದಳು. ಕೈಯಲ್ಲಿದ್ದ ಹುರುಳಿಕಾಯಿಯ ನಾರು ತೆಗೆಯುವುದು ಮರೆತು ಹಾಗೇ ಪಾತ್ರೆಗೆ ಹಾಕುತ್ತಿದ್ದಳು.

ನಿಶ್ಚಿತಾರ್ಥ ಮನೆದೇವರ ಮುಂದೆ, ನಡುಮನೆಯಲ್ಲೇ ಆಗಬೇಕು ಎಂದಾಗಿತ್ತು. ದಿನ ಗೊತ್ತು ಮಾಡುವಾಗ ಹುಳದ ಲೆಕ್ಕವನ್ನೂ ಹಾಕಿದ್ದರು. ಅಷ್ಟರಲ್ಲಿ ಹುಳ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೂ ಹೋಗಿರಬೇಕು. ಆದರೆ ಮೋಡ ಮುಸುಕಿ ಥಂಡಿ ಹಿಡಿಯಿತು. ಹುಳಗಳು ಜ್ವರಕ್ಕೆ ಹೋಗುವುದು ತಡವಾಯಿತು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಮಲಗುವುದು. ನಾಲ್ಕನೇ ಜ್ವರದಿಂದ ಅವು ಏಳುವ ಹೊತ್ತಿಗೆ, ನಿಶ್ಚಿತಾರ್ಥದ ದಿನ ಹುಳ ಮನೆಯಲ್ಲೇ ಇರುತ್ತದೆ ಎಂಬುದು ಖಚಿತವಾಯಿತು. ಬೆಳೆಯ ಅತ್ಯಂತ ನಾಜೂಕಿನ ಹೊತ್ತು.

"ಮುಖಕ್ಕೆ ಏನಾದ್ರೂ ಹಚ್ಕೊಳ್ಲಾ ಅಮ್ಮ?" ಎಂದು ನಾದಿನಿ ಕೇಳಿದಳು.

ಅತ್ತೆ ಹುಳದ ಮನೆಯ ಬಾಗಿಲ ಕಡೆ ತಿರುಗಿ ನೋಡಿದರು. "ಹಚ್ಕೊ. ವಾಸ್ನೆ ಇಲ್ದಿರೋದು ಸಿಕ್ರೆ" ಎಂದರು.

ಮೂವರೂ ಮಡಕಶಿರಾದ ಫ್ಯಾನ್ಸಿ ಸ್ಟೋರಿಗೆ ಹೋದೆವು. ಅತ್ತೆ ಒಳಗೆ ಬರಲಿಲ್ಲ. ಅಂಗಡಿಯ ವಾಸನೆ ಸೀರೆಗೆ ಅಂಟುತ್ತದೆ ಎಂದು ರಸ್ತೆಯ ಆಚೆ, ಟೀ ಅಂಗಡಿಯ ಪಕ್ಕ ನಿಂತರು. ವ್ಯಾಪಾರವೆಲ್ಲ ಅಲ್ಲಿಂದಲೇ ನಡೆಯಿತು. ಅಂಗಡಿಯವರು ಒಂದೊಂದು ಡಬ್ಬಿ ಹಿಡಿದು ಬಾಗಿಲಿಗೆ ಬರುವುದು, ಅತ್ತೆ ಆಟೋಗಳ ನಡುವೆ ದಾಟಿ ಬಂದು ಮೂಸುವುದು, ತಲೆ ಅಲ್ಲಾಡಿಸಿ ವಾಪಸು ಹೋಗುವುದು. ಕೊನೆಗೆ ಎರಡು ಉಳಿದವು. ಒಂದು, ಗುಲಾಬಿ ಬಣ್ಣದ ಡಬ್ಬಿಯ ಅಗ್ಗದ ಕಾಂಪ್ಯಾಕ್ಟ್ ಪೌಡರ್. ಅದಕ್ಕೆ ವಾಸನೆಯಿತ್ತು, ಆದರೆ ಅಗ್ಗದ್ದು ಎಂಬ ಕಾರಣಕ್ಕೆ ಅತ್ತೆ ಅದಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದರು. ಇನ್ನೊಂದು, ಬೀಗ ಹಾಕಿದ ಗಾಜಿನ ಕಪಾಟಿನಿಂದ ತೆಗೆದ ಫೌಂಡೇಶನ್ ಬಾಟಲಿ. ಅದರ ಮೇಲೆ ಒಂದು ಮೊಲದ ಚಿತ್ರವಿತ್ತು.

"ಇದರಲ್ಲಿ ಸೆಂಟು ಹಾಕಿಲ್ಲಮ್ಮ. ಅದಕ್ಕೇ ರೇಟು ಜಾಸ್ತಿ" ಎಂದರು ಅಂಗಡಿಯವರು.

"ಹಾಕಿರೋದ್ಕೆ ಕಮ್ಮಿ, ಹಾಕ್ದೇ ಇರೋದ್ಕೆ ಜಾಸ್ತೀನಾ?"

"ಹೂಂ ಕಣಮ್ಮ, ಕಂಪನಿಯೋರು ಹಂಗೇ."

"ಹಂಗಾದ್ರೆ ಬರೀ ನೀರು ಕೇಳಿದ್ರೆ ಹೊಲ ಬರಸ್ಕೊಳ್ತಾರೇನಪ್ಪ? ಇದ್ಯಾಕೆ ಮೊಲ?"

"ಪ್ರಾಣಿಗಳ ಮೇಲೆ ಹಚ್ಚಿ ನೋಡಿಲ್ಲ ಅಂತ ಗುರುತು."

ಅತ್ತೆಗೆ ಇದು ಕಂಪನಿಯವರ ಬೇಜವಾಬ್ದಾರಿಯಾಗಿ ಕಂಡಿತು. "ನೋಡ್ದೇನೇ ಮಾರ್ತಾರಾ?" ಎಂದರು. "ಅವರು ನೋಡ್ದಿದ್ರೆ ಬಿಡ್ಲಿ, ನಾವು ನೋಡಾಣ."

ಅತ್ತೆಯ ಅಪ್ಪಣೆಯಂತೆ ಅಂಗಡಿಯವರು ನನ್ನ ಎಡಗೈಗೆ ಅಗ್ಗದ್ದನ್ನೂ ಬಲಗೈಗೆ ದುಬಾರಿಯದನ್ನೂ ಹಚ್ಚಿದರು. ಒಂದಕ್ಕೊಂದು ತಾಗಬಾರದು, ಸೀರೆಗೂ ತಾಗಬಾರದು. ರೊಳ್ಳದವರೆಗೆ ಶೇರ್ ಆಟೋದಲ್ಲಿ ಎರಡೂ ಕೈ ಮೇಲೆತ್ತಿಕೊಂಡು ಕೂತೆ. ಗುಂಡಿ ಬಂದಾಗಲೆಲ್ಲ ಅತ್ತೆ ಒಂದು ಕಡೆಯಿಂದ, ನಾದಿನಿ ಇನ್ನೊಂದು ಕಡೆಯಿಂದ ನನ್ನನ್ನು ಒತ್ತಿ ಹಿಡಿಯುತ್ತಿದ್ದರು. ಎದುರಿಗೆ ಕೂತಿದ್ದ ಹೆಂಗಸು ಕನಿಕರದಿಂದ, "ಏಮೈಂದಮ್ಮಾ ಚೇತುಲಕಿ?" ಎಂದು ತೆಲುಗಿನಲ್ಲಿ ಕೇಳಿದಳು. ಕೈಗೆ ಏನೂ ಆಗಿಲ್ಲ, ಮೇಕಪ್ಪು ಎಂದೆ. ಆಕೆ ಆಟೋ ಇಳಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು, ಅದನ್ನು ಯಾಕೆ ಬಿಟ್ಟಿದ್ದೇನೆ ಎಂದು.

ಮನೆಗೆ ಬಂದ ಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಅತ್ತೆ ಎರಡು ತಟ್ಟೆಯಲ್ಲಿ ಸೊಪ್ಪು ಹರಡಿ, ನಾಲ್ಕಾರು ಹುಳ ಬಿಟ್ಟು, ನನ್ನ ಒಂದೊಂದು ಕೈಯನ್ನು ಒಂದೊಂದು ತಟ್ಟೆಯ ಅಂಚಿಗೆ ಇಡಿಸಿದರು. ಎಡಗಡೆಯ ಹುಳಗಳು ಸ್ವಲ್ಪ ಹೊತ್ತಿಗೇ ತಿನ್ನುವುದು ನಿಲ್ಲಿಸಿ, ರಾಷ್ಟ್ರಗೀತೆ ಕೇಳಿಸಿಕೊಂಡವರಂತೆ ತಲೆ ಎತ್ತಿ ನಿಂತವು. ಬಲಗಡೆಯವು ಸೊಪ್ಪು ಮುಗಿಸಿದವು. ಒಂದಂತೂ ಅಂಗೈ ಮೇಲೆ ಹತ್ತಿ, ಕ್ರೀಮಿನ ಪಕ್ಕದಲ್ಲೇ ಮಲಗಿತು.

"ಬಲಗೈದು ತಗೊಳ್ರಿ" ಎಂದು ಅತ್ತೆ ಒಳಗೆ ಹೋದರು.

ಮರುದಿನ ನನ್ನ ಗಂಡ ಬಾಟಲಿ ತಂದರು. ಅಂಗಡಿಯಲ್ಲಿ ಇದ್ದದ್ದು ಒಂದೇ ಬಣ್ಣ, ನಾದಿನಿಯ ಮೈಬಣ್ಣಕ್ಕಿಂತ ತುಸು ಬಿಳಿ. ಹಚ್ಚಿದರೆ ಗುಳಿಗಳು ನಿಜವಾಗಿಯೂ ಮುಚ್ಚಿಹೋದವು. ಅವಳು ಕನ್ನಡಿಯಲ್ಲಿ ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು, ನೆರಳಿಗೆ ತಿರುಗಿಸಿ ನೋಡಿದಳು. ಎಷ್ಟೋ ದಿನದ ಮೇಲೆ ಆ ಹೊತ್ತು ಅವಳು ಹೊಟ್ಟೆತುಂಬ ಉಂಡಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಹುಳ ಹಣ್ಣಾಗತೊಡಗಿದ್ದವು. ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ತಯಾರಾಗುವುದಕ್ಕೆ ಹಾಗೆನ್ನುತ್ತಾರೆ. ಅಷ್ಟರಲ್ಲಿ ಗಂಡಿನ ಕಡೆಯವರ ವ್ಯಾನು ಬಂದು ನಿಂತಿತು. ಬಾಗಿಲು ತೆರೆದದ್ದೇ ತಡ, ಮಲ್ಲಿಗೆ, ಸೆಂಟು, ಪೌಡರ್ ಎಲ್ಲವೂ ಅವರಿಗಿಂತ ಮುಂಚೆ ಇಳಿದವು. ನನ್ನ ತವರಿನ ವಾಸನೆ. ನನಗೆ ಅಜ್ಜಿಯ ನೆನಪಾಗಿ ಕಣ್ಣು ತುಂಬಿತು. ಅತ್ತೆ ನನ್ನ ಪಕ್ಕೆಗೆ ತಿವಿದರು.

"ನಿಮ್ಮೋರು ತಾನೆ? ನೀನೇ ಹೇಳು."

ಬಾಗಿಲ ಪಕ್ಕ ನೀರಿನ ಕೊಳಗ, ವಾಸನೆಯಿಲ್ಲದ ಸೋಪು, ಟವೆಲು ಇಟ್ಟಾಗಿತ್ತು. ಹೆಣ್ಣಿನ ಕಡೆಯವರು ಗಂಡಿನ ತಾಯಿಗೆ, ಬಂದ ಕೂಡಲೆ, ಮುಖ ತೊಳೆದುಕೊಳ್ಳಿ ಎನ್ನುವುದನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ದೊಡ್ಡವ್ವನ ಕೈ ಹಿಡಿದುಕೊಂಡು ಹುಳದ ವಿಷಯ ಹೇಳಿದೆ. ಆಕೆ ನೀರಿನ ಕೊಳಗದ ಕಡೆ ನೋಡಿದಳು.

"ರೊಪ್ಪದಾಗ ಕುರಿ ಮರಿ ಹಾಕಾಗ ಹೊರಗಿನ ಮಂದೀನ ನಾವೂ ಬಿಡಂಗಿಲ್ಲ ಬಿಡವ್ವ" ಎಂದು ಸೆರಗು ಸಿಕ್ಕಿಸಿ, ಮುಡಿದ ಹೂ ತೆಗೆದು ವ್ಯಾನಿನ ಸೀಟಿನ ಮೇಲಿಟ್ಟು, ಮೊದಲು ತಾನೇ ಮುಖ ತೊಳೆದಳು. ಅವಳ ಹಿಂದೆ ಮಿಕ್ಕವರೆಲ್ಲ ಸಾಲಾಗಿ ತೊಳೆದರು, ಹುಡುಗನೂ. ಹುಡುಗನ ತಂಗಿಯ ಮೇಕಪ್ಪು ಮಾತ್ರ ಹೋಗಲಿಲ್ಲ. ಅವಳು ರಾಯದುರ್ಗದ ಪಾರ್ಲರಿನಲ್ಲಿ ದೊಡ್ಡ ಪ್ಯಾಕೇಜು ಮಾಡಿಸಿಕೊಂಡು ಬಂದಿದ್ದಳು. "ಯವ್ವಾ, ಇದು ನೀರಿಗೆ ಜಗ್ಗಂಗಿಲ್ಲ, ನಾಳಿಗೂ ಹಿಂಗ ಇರತೈತಂತ" ಎಂದಳು. ಅವಳಿಗೆ ಹೊರಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿ, ಉಪ್ಪಿಟ್ಟು ಕೊಟ್ಟೆವು.

ನಾದಿನಿಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದಾಗ ನಡುಮನೆಯಲ್ಲಿ ಬಣ್ಣ ಹಚ್ಚಿದ ಮುಖ ಅವಳದೊಂದೇ. ದೊಡ್ಡವ್ವ ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತಾ ಅವಳನ್ನು ನೋಡಿದಳು.

"ಅಲ್ಲವ್ವ, ನಮ್ಮ ಮಕ ಎಲ್ಲಾ ತೊಳಿಸಿದ್ರಿ. ನಿಮ್ಮ ಹುಡುಗಿ ಮಾತ್ರ ಹಚ್ಕಂಡು ಕುಂತಾಳಲ್ಲ, ಯಾಕ?"

"ಅದು ವಾಸ್ನಿ ಇಲ್ಲದ್ದು, ದೊಡ್ಡವ್ವ."

"ಹಂಗಂತ ಯಾರು ಹೇಳಿದ್ರು?"

"ಹುಳ ಒಪ್ಯಾವು" ಎಂದೆ. ಹೇಳಿದ ಮೇಲೆ ಅದು ಕೇಳಲು ಹೇಗಿದೆ ಎಂದು ನನಗೇ ಗೊತ್ತಾಯಿತು.

"ಹುಳಾನ ಕೇಳಿದ್ರೇನು?" ಎಂದಳು ದೊಡ್ಡವ್ವ. ಅವರ ಕಡೆಯ ಗಂಡಸರು ನಗಲೋ ಬೇಡವೋ ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು.

ಅತ್ತೆ ಅದನ್ನು ಕುಹಕವೆಂದು ತಿಳಿಯಲಿಲ್ಲ, ನ್ಯಾಯವಾದ ಪ್ರಶ್ನೆಯೆಂದೇ ತಿಳಿದರು. ಎದ್ದು ಹುಳದ ಮನೆಗೆ ಹೋಗಿ, ಒಂದು ಹುಳ ತಂದು, ಎಲ್ಲರ ಎದುರಿಗೆ ಮಗಳ ಕೆನ್ನೆಯ ಮೇಲೆ ಬಿಟ್ಟರು. ಕೈಗೆ ಹತ್ತಿರವಾದದ್ದು ಎಡಗೆನ್ನೆ.

ನಾದಿನಿ ಹುಳದ ಜೊತೆ ಬೆಳೆದವಳು, ಹುಳಕ್ಕೆ ಹೆದರುವವಳಲ್ಲ. ಆದರೂ ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ಏನು ಮಾಡಲಿ? ಎಲ್ಲರೂ ಆ ಕೆನ್ನೆಯನ್ನೇ ನೋಡುತ್ತಿದ್ದರು. ಹುಳ ತಲೆ ಎತ್ತುತ್ತದೋ ಇಲ್ಲವೋ ಎಂದು ಕಿಟಕಿಯ ಆಚೆಯ ಹುಡುಗಿಯೂ ಉಪ್ಪಿಟ್ಟು ಬಿಟ್ಟು ಎದ್ದು ನಿಂತಳು. ಹುಳ ತಲೆ ಎತ್ತಲಿಲ್ಲ. ನಿಧಾನವಾಗಿ ಕಣ್ಣಿನ ಕಡೆ ಹೊರಟಿತು.

"ನೋಡ್ರಿ" ಎಂದರು ಅತ್ತೆ.

"ಕಣ್ಣಿಗೆ ಹೊಕ್ಕೀತು" ಎಂದು ದೊಡ್ಡವ್ವ ಮುಂದೆ ಬಾಗಿ, ಕುರಿಯ ಮೈಯಿಂದ ಉಣ್ಣಿ ಹೆಕ್ಕಿ ಪಳಗಿದ ಕೈಯಲ್ಲಿ ಹುಳವನ್ನು ಮೆತ್ತಗೆ ಎತ್ತಿದಳು. ಎತ್ತುವಾಗ ಅವಳ ಹೆಬ್ಬೆರಳು ಕೆನ್ನೆಯನ್ನು ಸವರಿತು. ಬೆರಳಿನ ಜೊತೆ ಕ್ರೀಮೂ ಬಂತು. ದೊಡ್ಡವ್ವ ತನ್ನ ಬೆರಳು ನೋಡಿದಳು, ಆಮೇಲೆ ಕೆನ್ನೆ ನೋಡಿದಳು.

"ಅಮ್ಮ ಆಗಿತ್ತೇನವ್ವ?"

"ಹೂಂ ಕಣತ್ತೆ. ಚಿಕ್ಕೋಳಿದ್ದಾಗ."

"ಫೋನಿನ್ಯಾಗ ಕಾಣ್ಲಿಲ್ಲ."

ಗೋಡೆಯಾಚೆ ಹುಳಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ನಾದಿನಿ ತಲೆ ತಗ್ಗಿಸಲಿಲ್ಲ. "ಫೋನು ಹಂಗೇ ಬಂದೈತತ್ತೆ. ನಾನು ಹೇಳಿ ಮಾಡಿಸಿದ್ದಲ್ಲ. ಈ ಕ್ರೀಮು ಮಾತ್ರ ನಾನೇ ಹಚ್ಕೊಂಡಿದ್ದು" ಎಂದಳು.

ದೊಡ್ಡವ್ವ ಹುಳವನ್ನು ಅತ್ತೆಯ ಕೈಗೆ ಕೊಟ್ಟು, ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಇರ್ಲಿ ಬಿಡವ್ವ. ಫೋನಿನ್ಯಾಗ ನನ್ನ ಮಗನ ಹೊಟ್ಟಿ ನಿಮಗೂ ಕಾಣ್ಲಿಲ್ಲಲ್ಲ."

ಎಲ್ಲರೂ ಹುಡುಗನ ಕಡೆ ತಿರುಗಿದೆವು. ಅವನು ಉಸಿರು ಹಿಡಿದು ಕೂತಿದ್ದ. ಅದು ತಿಳಿದದ್ದು ಅವನು ಉಸಿರು ಬಿಟ್ಟಾಗ. ನಾದಿನಿ ಮೊದಲು ನಕ್ಕಳು. ಆಮೇಲೆ ಎದ್ದು, ಬಾಗಿಲ ಹತ್ತಿರ ಹೋಗಿ, ಒಂದೊಂದು ಕೆನ್ನೆ ಒಂದೊಂದು ಬಣ್ಣ ಇದ್ದರೆ ಫೋಟೋದಲ್ಲಿ ಚೆನ್ನಾಗಿರುವುದಿಲ್ಲ ಎಂದು, ಮುಖ ತೊಳೆದುಕೊಂಡು ಬಂದು ಕೂತಳು.

ತಾಂಬೂಲದ ತಟ್ಟೆ ಬದಲಾಯಿಸಿದ್ದೇ ತಡ, ಅತ್ತೆ ಎಲ್ಲರನ್ನೂ ಹುಳದ ಮನೆಗೆ ಕರೆದರು. ಹೇಗೂ ಕೈ ತೊಳೆದಿದ್ದಾರಲ್ಲ, ಹಣ್ಣು ಹುಳ ಆರಿಸಿ ಗೂಡು ಕಟ್ಟುವ ತಟ್ಟಿಗೆ ಬಿಡಲಿ ಎಂದು. ಗುಮ್ಮಘಟ್ಟದ ಬೀಗರು ಊಟಕ್ಕೆ ಎಲೆ ಹಾಕುವವರೆಗೂ ಹುಳ ಆರಿಸಿದರು.

ಈಗ ನಾದಿನಿ ಅಲ್ಲಿಯ ಸೊಸೆ. ಹೋದ ವಾರ ಫೋನ್ ಮಾಡಿದಾಗ, ಆ ಗುಲಾಬಿ ಡಬ್ಬಿಯ ಅಗ್ಗದ ಪೌಡರನ್ನೇ ತಗೊಂಡೆ ಎಂದಳು. "ಇಲ್ಲಿ ಎಷ್ಟು ಹಚ್ಕೊಂಡ್ರೂ ಕುರಿ ಏನೂ ಅನ್ನಲ್ಲ ಅತ್ತಿಗೆ." ಅದನ್ನೂ ಗುಳಿ ಮುಚ್ಚಲು ಹಚ್ಚುವುದಿಲ್ಲವಂತೆ, ವಾಸನೆಗೆ ಹಚ್ಚುವುದಂತೆ. ದುಬಾರಿ ಬಾಟಲಿ ನನ್ನ ಪಾಲಿಗೆ ಬಂದಿದೆ. ಸಂತೆಗೆ ಹೋಗುವಾಗ ಅಜ್ಜಿಯ ಲೆಕ್ಕದಲ್ಲಿ ಎರಡೂ ಕೆನ್ನೆಗೆ ಒಂದಿಷ್ಟು ಹಚ್ಚಿಕೊಳ್ಳುತ್ತೇನೆ. ನನಗೂ ಆ ಬಣ್ಣ ತುಸು ಬಿಳಿಯೇ. ಮೈಯಲ್ಲಿ ಹುಷಾರಿಲ್ಲವೇ ಎಂದು ದಾರಿಯಲ್ಲಿ ಜನ ಕೇಳುತ್ತಾರೆ.