ಕಂಟೋನ್ಮೆಂಟ್ ಹೋಟೆಲಿನ ಬಾಗಿಲಲ್ಲಿ ಅವ್ವನ ಚಪ್ಪಲಿ

ಗೆಳೆಯರೇ, ಮೊದಲು ಇವತ್ತಿನ ಖರ್ಚು ಕೇಳಿ. ಬಸ್ಸಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ, ತಿಂಡಿಗೆ ಎಂಟು ಎಂಬತ್ತು, ಭಕ್ಷೀಸು ಎಂಟಾಣೆ. ಒಟ್ಟು ಹತ್ತೂವರೆ ರೂಪಾಯಿ. ಮಾಗಡಿ ರಸ್ತೆಯ ನಮ್ಮ ಹೆಗ್ಗನಹಳ್ಳಿಯಿಂದಾಚೆ ಹೆಚ್ಚು ಕಾಣದ ನನ್ನ ಅವ್ವನಿಗೆ ಕಂಟೋನ್ಮೆಂಟಿನ ಹೊಸ ಹೋಟೆಲು ತೋರಿಸಿದ ಬಾಬ್ತು. ಅಲ್ಲಿ ಭಾನುವಾರ ಹನ್ನೊಂದು ಗಂಟೆಗೆ ತಿಂಡಿಯೂ ಅಲ್ಲದ, ಊಟವೂ ಅಲ್ಲದ ಏನನ್ನೋ ಬಡಿಸುತ್ತಾರೆ.

ಅವ್ವ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದು ಕಿಟಕಿ ಪಕ್ಕ ಕೂತಳು. ಆರ್ಡರ್ ಕೊಡುವಷ್ಟರಲ್ಲಿ ಟೈ ಕಟ್ಟಿದ ಮ್ಯಾನೇಜರ್ ಬಂದ.

"ಸಾರ್, ಅಜ್ಜಿ ಬರಿಗಾಲಲ್ಲಿ ಕೂತ್ರೆ ಚೆನ್ನಾಗಿರಲ್ಲ. ಚಪ್ಪಲಿ ಹಾಕ್ಕೊಳೋಕೆ ಹೇಳಿ, ಇಲ್ಲಾಂದ್ರೆ ಎದ್ದು ಹೋಗ್ಬೇಕಾಗುತ್ತೆ."

"ಅನ್ನ ತಿನ್ನೋ ಜಾಗಕ್ಕೆ ಎಕ್ಕಡ ಮೆಟ್ಕೊಂಡು ಬರ್ತಾರೇನಪ್ಪ?" ಅಂದಳು ಅವ್ವ.

ಸುತ್ತಲಿನವರು ನಕ್ಕರು. ಅವಳ ಮುಖ ಚಿಕ್ಕದಾಯಿತು. "ನಡಿಯೋ ಮಗ, ಮನೆಗೋಗಣ" ಎಂದು ಎದ್ದಳು.

"ಕೂತ್ಕೊಳವ್ವ" ಎಂದೆ. ಆಚೆ ಹೋಗಿ, ಬೆಳಿಗ್ಗೆಯಷ್ಟೇ ಪಾಲಿಶ್ ಮಾಡಿದ್ದ ನನ್ನ ಬೂಟುಗಳನ್ನು ಅವಳ ಚಪ್ಪಲಿಯ ಪಕ್ಕದಲ್ಲೇ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದೆ.

"ಈಗ ಇಬ್ಬರಾದ್ವಿ ಸಾರ್. ಕೈ ಹಿಡಿದು ಎಬ್ಬಿಸಿ, ನೋಡೇ ಬಿಡೋಣ."

ಆತ ಎಬ್ಬಿಸಲಿಲ್ಲ. ಕೌಂಟರಿಗೆ ಹೋಗಿ ಬಿಲ್ ಪುಸ್ತಕ ತಿರುವತೊಡಗಿದ. ಪಕ್ಕದ ಮೇಜಿನ ಹೈಹೀಲ್ಸ್ ಹೆಂಗಸು ಮೇಜಿನಡಿ ಮೆಲ್ಲಗೆ ಹೀಲ್ಸಿನಿಂದ ಕಾಲು ಬಿಡಿಸಿಕೊಂಡಳು.

ಯಾರಿಗೇನು ಸಿಕ್ಕಿತು ಅಂತೀರಾ? ಅವ್ವನಿಗೆ ಕೂತ ಕುರ್ಚಿ ಉಳಿಯಿತು, ಎರಡು ಕಪ್ ಕಾಫಿಯೂ ಸಿಕ್ಕಿತು. ಪಕ್ಕದ ಮೇಜಿನಾಕೆಯ ಹಿಮ್ಮಡಿಗೆ ವಿರಾಮ. ನನಗೆ ಮೊಸಾಯಿಕ್ ನೆಲದ ತಂಪು. ಮ್ಯಾನೇಜರಿಗೆ ನಮ್ಮ ಚಪ್ಪಲಿ, ಬೂಟಿನ ಮಾಗಡಿ ರಸ್ತೆಯ ಮಣ್ಣು ಅಂಟದ ನೆಲ.