ಓರೆನೋಟದ ಪೂಜೆ

ಮೊನ್ನೆ ತಾಂಡೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಔಷಧಿಯ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದೆ. ನನಗೂ ಈಗ ಶುಗರ್ ಇದೆ. ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಪಕ್ಕದಲ್ಲಿ ಯಾರೋ ಬಂದು ಕೂತರು. ವಿಭೂತಿಯ ವಾಸನೆ ಬಂತು... ಕೂತಲ್ಲಿಂದಲೇ ನಾರಾಯಣಖೇಡಕ್ಕೆ ಹೋಗಿಬಿಟ್ಟೆ.

ಅಲ್ಲಿ ನಾನು ಹೊಸದಾಗಿ ಮಾಸ್ತರನಾಗಿ ಹೋದಾಗ ಗುರುತಿನವರು ಒಬ್ಬರೂ ಇರಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟ ಹಿರಿಯ ಹೆಂಗಸನ್ನು ಓಣಿಯವರಂತೆ ನಾನೂ ಆಯಿ ಎನ್ನುತ್ತಿದ್ದೆ. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸುತ್ತ ಕೂಡುವರು. ಅದರ ಮೇಲೆ ನೋಟ ನಿಲ್ಲಬೇಕು, ಆಮೇಲೆಯೇ ರೊಟ್ಟಿ. ಶುಗರ್ ಇದ್ದವರು ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ನಾನು ಗೊಣಗಿದರೆ, "ಅವನ ಮಾರಿ ನೋಡಲ್ದೆ ತುತ್ತು ಹ್ಯಾಂಗ ಇಳೀತದ ಮಾಸ್ತರ?" ಎನ್ನುವರು.

ಎರಡೂ ಕಣ್ಣಿಗೆ ಪೊರೆ ಬಂದು ಲಿಂಗ ಮಬ್ಬಾಯಿತು. ನೋಟ ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಬೆಳಗಿನ ಶುಗರ್ ಗುಳಿಗೆ ಮಾತ್ರ ತಪ್ಪದೆ ನುಂಗಿರುತ್ತಿದ್ದರು. ಒಂದು ದಿನ ಕೂತಲ್ಲೇ ಬೆವೆತು ವಾಲಿದರು. ನಾನು ಓಡಿಹೋಗಿ ಬಾಯಿಗೆ ಸಕ್ಕರೆ ಹಾಕಿದೆ. ಚೇತರಿಸಿಕೊಂಡ ಮೇಲೆ ಅವರಿಗೆ ಬಂದ ಸಿಟ್ಟೇ ಸಿಟ್ಟು, ನಾನು ಪೂಜೆ ಕೆಡಿಸಿದೆನಂತೆ! ಅಂತೂ ಆಪರೇಷನ್ನಿಗೆ ಒಪ್ಪಿದರು.

ಜಹೀರಾಬಾದಿಗೆ ಕರೆದುಕೊಂಡು ಹೋದೆ. ಪೊರೆ ದಪ್ಪವಾಗಿದೆ, ಕಣ್ಣಿನ ಹಿಂದಿನ ಪರದೆ ಸರಿಯಾಗಿ ಕಾಣುತ್ತಿಲ್ಲ, ಶುಗರ್ ಅಲ್ಲೇನು ಮಾಡಿದೆಯೋ ನೋಡಬೇಕು, ಪೊರೆ ತೆಗೆದ ಮೇಲೂ ತಪ್ಪದೆ ಬನ್ನಿ ಎಂದು ಡಾಕ್ಟರು ಒತ್ತಿ ಹೇಳಿದರು.

ಪಟ್ಟಿ ಬಿಚ್ಚಿದ ಮೇಲೆ ಆಯಿ ಮೊದಲು ನೋಡಿದ್ದು ಅಂಗೈಯನ್ನು. ಗಳಗಳ ಅತ್ತರು. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ನಿನ್ನ ಅಂಗಿ ಇಷ್ಟು ಮಾಸ್ಯದ! ನಾ ಬಿಳೇದಂತ ತಿಳ್ಕೊಂಡಿದ್ದೆ" ಎಂದು ನಕ್ಕರು. ಎರಡನೆಯ ಕಣ್ಣೂ ಆಯಿತು. ಇಷ್ಟು ಚೆನ್ನಾಗಿ ಕಾಣುವಾಗ ಮತ್ತೆ ಆಸ್ಪತ್ರೆ ಯಾಕೆಂದು ಹಟ ಹಿಡಿದರು. ನಾನು ಎಷ್ಟು ಗೋಗರೆದರೂ ಬಸ್ಸು ಹತ್ತಲಿಲ್ಲ. "ಅವ ಕಾಣಲತ್ಯಾನಲ್ಲ, ಇನ್ನೇನ್ ಬೇಕು?"

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕೂಗಿದರು. ಅಂಗೈ ಚಾಚಿ, ಬೆರಳು ಅಗಲಿಸಿಕೊಂಡೇ ಕೂತಿದ್ದರು.

"ಬಟ್ಟ ಐದೂ ಕಾಣ್ತಾವ ಮಾಸ್ತರ. ನಡುವ ಅವನೇ ಇಲ್ಲ."

ಮತ್ತೆ ಜಹೀರಾಬಾದಿಗೆ ಹೋದೆವು. ಶುಗರ್‌ನಿಂದ ಪರದೆಯ ನಟ್ಟನಡುವೆ ನೀರು ತುಂಬಿ ಊದಿಕೊಂಡಿತ್ತು. ಇಂಥ ಕಣ್ಣಿಗೆ ಪೊರೆಯ ಆಪರೇಷನ್ ಆದ ಮೇಲೆ ಅದು ಹೆಚ್ಚುವುದೂ ಉಂಟಂತೆ. ಬೇಗ ಬಂದಿದ್ದರೆ ಹಿಡಿಯಬಹುದಿತ್ತಂತೆ. ಕಣ್ಣಿಗೇ ಇಂಜೆಕ್ಷನ್ ಕೊಟ್ಟರು. ಇದ್ದಷ್ಟು ನೋಟ ಉಳಿಯಿತು, ಹೋದದ್ದು ಬರಲಿಲ್ಲ.

ಆಮೇಲೆ ಆಯಿ ತಾವೇ ಒಂದು ದಾರಿ ಕಂಡುಕೊಂಡರು. ಮುಖವನ್ನು ಬಲಗಡೆ ಗೋಡೆಗೆ ತಿರುಗಿಸಿ ಕೂತರೆ ಕಣ್ಣಂಚಿನಲ್ಲಿ ಲಿಂಗ ತುಸು ಕಾಣುತ್ತಿತ್ತು. ಆದರೆ ಅದರಿಂದ ಅವರಿಗೆ ನೆಮ್ಮದಿಯಾಗಲಿಲ್ಲ. "ಅವಗ ಮಾರಿ ತಿರುವಿ ಕೂಡ್ತೀನಿ. ಏನ್ ತಿಳ್ಕೋತಾನೋ ಏನೋ..." ಎಂದು ಒಮ್ಮೆ ನನ್ನೊಬ್ಬನಿಗೇ ಹೇಳಿದರು. ಯಾರೂ ನೋಡಬಾರದೆಂದು ಬಾಗಿಲು ಹಾಕಿಕೊಂಡು ಪೂಜೆ ಮಾಡತೊಡಗಿದರು. ಓಣಿಯವರು ಬರುವುದು ಕಡಿಮೆಯಾಯಿತು. ಗೋಡೆಯ ಆಚೆ ಅವರು, ಈಚೆ ನಾನು. ನನಗೆ ತುಂಬ ಸಂಕಟವಾಗುತ್ತಿತ್ತು.

ಆಯಿ ತೀರಿಕೊಂಡಾಗ ಪದ್ಧತಿಯಂತೆ ಸಮಾಧಿಯಲ್ಲಿ ಕೂರಿಸಿ ಎಡಗೈಯಲ್ಲಿ ಲಿಂಗವಿಟ್ಟರು. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಮುಖವನ್ನು ಅಂಗೈಗೆ ನೇರ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಯ್ಯನೋರೆ, ಸ್ವಲ್ಪ ಬಲಕ್ಕ ತಿರುಗಸ್ರಿ. ನೇರ ಇಟ್ರ ಅವರಿಗಿ ಕಾಣಂಗಿಲ್ರಿ."

ಅವರು ನನ್ನನ್ನೊಮ್ಮೆ ನೋಡಿದರು. ಆಯಿಯ ಮುಖವನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರು.

ಮೊನ್ನೆ ಡಾಕ್ಟರು ನನ್ನ ಕಣ್ಣು ನೋಡಿ ಪರದೆ ಚೆನ್ನಾಗಿದೆ ಎಂದರು. ಸಂತೋಷದ ಸುದ್ದಿಯೇ. ಹೊರಗೆ ಬಂದು ಬಿಸಿಲಿಗೆ ಕಣ್ಣು ಬಿಡಲಾರದೆ ಗೇಟಿನ ಹತ್ತಿರ ನಿಂತೆ... ಹೇಳಬೇಕೆನಿಸಿದ್ದು ಒಬ್ಬರಿಗೆ. ಅವರು ಇರಲಿಲ್ಲ.